ಗುಡ್ಡದೊಳಗೆ ಯಾರು ಹೋಗಬಹುದು? ಹುಡುಕಾಟದ ಸ್ವಯಂಸೇವಕರಿಗೆ ಕನಿಷ್ಠ ಮಟ್ಟ ಬರೆದ ಬಗೆ

ಮಲೆನಾಡಿನಲ್ಲಿ ಜನ ಸೇರಿಸುವುದು ಕಷ್ಟವಲ್ಲ. ಎತ್ತಿನಭುಜಕ್ಕೆ ಚಾರಣ ಹೋದವರು ಕತ್ತಲಾದರೂ ಇಳಿದಿಲ್ಲ ಎಂದರೆ, ಕಳಸದ ಕಡೆಯ ತೋಟದಲ್ಲಿ ಅಜ್ಜಿ ಕಾಣೆಯಾಗಿದ್ದಾರೆ ಎಂದರೆ, ಸ್ವಲ್ಪ ಹೊತ್ತಿಗೆಲ್ಲ ಜೀಪು, ಬೈಕು, ಟಾರ್ಚು ಹಿಡಿದು ಊರಿಗೆ ಊರೇ ಬಂದು ನಿಲ್ಲುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಬಂದವರಲ್ಲಿ ಯಾರನ್ನು ಗುಡ್ಡದ ಸಂದಿನ ದಟ್ಟ ಶೋಲಾ ಕಾಡಿನೊಳಗೆ ಕಳಿಸಬಹುದು, ಯಾರನ್ನು ರಸ್ತೆ ಕೂಡುವಲ್ಲಿ ನಿಲ್ಲಿಸಬೇಕು, ಯಾರ ಕೈಗೆ ಹಗ್ಗ ಕೊಡಬಾರದು ಎಂಬುದು ಆ ಗಲಾಟೆಯ ನಡುವೆಯೇ ತೀರ್ಮಾನವಾಗಬೇಕು. ಹಲವರ ಬಳಿ ಯಾವುದಾದರೂ ತರಬೇತಿಯ ಪ್ರಮಾಣಪತ್ರ ಇರುತ್ತದೆ. ಎಷ್ಟು ದಿನ ಹಾಜರಿದ್ದರು ಎಂದು ಅದರಲ್ಲಿ ಬರೆದಿರುತ್ತದೆ. ಮಳೆಯಲ್ಲಿ, ಕತ್ತಲಲ್ಲಿ, ಜಾರುವ ಇಳಿಜಾರಿನಲ್ಲಿ ಅವರು ಏನು ಮಾಡಬಲ್ಲರು ಎಂದು ಬರೆದಿರುವುದಿಲ್ಲ.

ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಯ ಕಡೆಗೂ ಹಾಸನದ ಸಕಲೇಶಪುರ, ಬಿಸಿಲೆ ಕಡೆಗೂ ಹೊಂದುವ ಒಂದು ಕನಿಷ್ಠ ಮಟ್ಟವನ್ನು ನಾವು ಬರೆಯಲು ಕೂತಾಗ ಮೊದಲು ಒಪ್ಪಿಕೊಂಡ ನಿಯಮ ಇದೇ: ಗಂಟೆ ಲೆಕ್ಕ ಬೇಡ. ಕಣ್ಣೆದುರು ಮಾಡಿ ತೋರಿಸಲು ಆಗುವುದಷ್ಟೇ ಪಟ್ಟಿಗೆ ಬರಲಿ.

ಮೊದಲ ಕೆಲಸ, ಈಗಾಗಲೇ ಇರುವುದನ್ನು ಓದುವುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆಯಲ್ಲಿ 12 ದಿನಗಳ ತರಬೇತಿ ಇದೆ. ಪ್ರವಾಹವನ್ನೇ ಮುಖ್ಯವಾಗಿಟ್ಟುಕೊಂಡು 2016ರಲ್ಲಿ 30 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು, ಆಮೇಲೆ 350 ಜಿಲ್ಲೆಗಳಿಗೆ ಹಬ್ಬಿತು. ಬುನಾದಿಗೆ ಬಹಳ ಒಳ್ಳೆಯದು. ಆದರೆ ಮಂಜು ಮುಚ್ಚಿದ ಗುಡ್ಡದಲ್ಲಿ ದಾರಿ ತಪ್ಪಿದವರನ್ನು ಹುಡುಕುವುದು ಬೇರೆ ವಿದ್ಯೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ 1991ರಿಂದ ಇರುವ ‘ಇನ್ಸರಾಗ್’ ಎಂಬ ಶೋಧ–ರಕ್ಷಣಾ ಸಲಹಾ ಗುಂಪಿನ ಮಾರ್ಗಸೂಚಿ ಕುಸಿದ ಕಟ್ಟಡಗಳಿಗೆ ಸಂಬಂಧಿಸಿದ್ದು. ಕಾಂಕ್ರೀಟ್ ಕೊರೆಯುವ ಭಾರಿ ತಂಡಗಳ ಮಾತು ನಮಗೆ ಬೇಡ, ಅದರ ಸೀಟಿ ಸಂಜ್ಞೆಗಳು ಮಾತ್ರ ಬೇಕು. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಎಫ್2209 ಎಂಬ ದಾಖಲೆ ಬಯಲು ಮತ್ತು ಕಾಡಿನ ಹುಡುಕಾಟ ತಂಡದ ಸದಸ್ಯನ ತರಬೇತಿಗೇ ಬರೆದದ್ದು. ವಿಷಯಗಳನ್ನು ಜೋಡಿಸುವ ಕ್ರಮವನ್ನು ಅದರಿಂದ ತೆಗೆದುಕೊಳ್ಳಬಹುದು. ಆನೆ, ಉಂಬಳ (ಜಿಗಣೆ), ಕಾಫಿ ಗಿಡದ ಸಾಲು, ಧರೆ ಕುಸಿತ ಅದರಲ್ಲಿ ಸಿಗುವುದಿಲ್ಲ.

ಆಮೇಲೆ ಬರೆದದ್ದು ನಮ್ಮ ಸೀಮೆಯಲ್ಲಿ ನಿಜಕ್ಕೂ ಬರುವ ಕರೆಗಳ ಪಟ್ಟಿ. ದಾರಿ ತಪ್ಪಿದ ಚಾರಣಿಗರು, ತೋಟದಲ್ಲಿ ಕಾಣೆಯಾದ ಮಕ್ಕಳು ಮತ್ತು ಮರೆವಿನ ಕಾಯಿಲೆಯ ಹಿರಿಯರು, ಜಲಪಾತದ ಪಾಚಿಗಲ್ಲಿನಿಂದ ಜಾರಿದವರು, ಹೊಳೆ ದಾಟುವಾಗ ಕೊಚ್ಚಿಹೋದವರು, ಘಾಟಿಯಲ್ಲಿ ಕಣಿವೆಗೆ ಉರುಳಿದ ವಾಹನ, ಧರೆ ಕುಸಿತ. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಘಾಟಿ ಮುಚ್ಚಿ, ಮಲೆಮನೆಯಂಥ ಊರು ಮಣ್ಣುಪಾಲಾದದ್ದನ್ನು ನೋಡಿದವರಿಗೆ ಕೊನೆಯದನ್ನು ಬಿಡುವ ಯೋಚನೆಯೇ ಬರುವುದಿಲ್ಲ. ಒಂದೊಂದು ಕರೆಯ ಎದುರೂ ಒಂದೇ ಪ್ರಶ್ನೆ: ಪರಿಣತ ತಂಡ ಬಂದು ತಲುಪುವ ಮುಂಚೆ ಹತ್ತಿರದವರು ಸುರಕ್ಷಿತವಾಗಿ ಏನು ಮಾಡಬಹುದು? ಉತ್ತರಗಳನ್ನು ಮೂರು ಮಟ್ಟಕ್ಕೆ ಹಂಚಿದೆವು. ಒಂದನೆಯ ಮಟ್ಟದವರು ರಸ್ತೆ ಬಿಟ್ಟು ಹೋಗುವುದಿಲ್ಲ: ಕಾವಲು, ದಾಖಲೆ, ಸಾಗಾಟ, ಊಟ. ಎರಡನೆಯವರು ತಂಡದ ಜತೆ ಕಾಡಿಗೆ ಇಳಿಯುತ್ತಾರೆ. ಮೂರನೆಯವರು ಐದು ಜನರ ತಂಡ ನಡೆಸುತ್ತಾರೆ. ಒಬ್ಬರ ಕೈಕೆಳಗೆ ಐದರ ಆಸುಪಾಸು ಜನ ಎಂಬುದು 2010ರ ರಾಷ್ಟ್ರೀಯ ಘಟನಾ ಪ್ರತಿಕ್ರಿಯಾ ವ್ಯವಸ್ಥೆಯ ಮಾರ್ಗಸೂಚಿಗೂ ಒಗ್ಗುವ ಲೆಕ್ಕ.

ಒಂದು ಸಾಲು ಬರೆಯುವುದು

‘ನಕ್ಷೆ ಓದುವ ಜ್ಞಾನ ಇರಬೇಕು’ ಎಂದು ಬರೆದರೆ ಅದನ್ನು ಪರೀಕ್ಷಿಸಲು ಆಗುವುದಿಲ್ಲ. ಪ್ರತಿ ಸಾಲಿನಲ್ಲೂ ಮೂರು ಅಂಶ ಇರಬೇಕು: ಏನು ಮಾಡಬೇಕು, ಯಾವ ಸನ್ನಿವೇಶದಲ್ಲಿ, ಎಷ್ಟರ ಮಟ್ಟಿಗೆ. ನಕ್ಷೆಯ ಸಾಲು ಕೊನೆಗೆ ಹೀಗಾಯಿತು: ‘ಫೋನಿನಲ್ಲಿ ತಾನು ನಿಂತ ಜಾಗದ ಅಕ್ಷಾಂಶ ರೇಖಾಂಶವನ್ನು ದಶಮಾಂಶ ಡಿಗ್ರಿಯಲ್ಲಿ ತೆಗೆದು, ವಾಕಿಟಾಕಿಯಲ್ಲಿ ಒಂದೊಂದೇ ಅಂಕಿಯಾಗಿ ಹೇಳಿ, ಕೇಳಿದವರಿಂದ ವಾಪಸ್ ಹೇಳಿಸಿಕೊಳ್ಳಬೇಕು, ನೆಟ್‌ವರ್ಕ್ ಇಲ್ಲದೆ, ಎರಡು ನಿಮಿಷದಲ್ಲಿ.’

ದಶಮಾಂಶವೇ ಏಕೆ ಎಂಬುದಕ್ಕೆ ಕಾರಣ ಇದೆ. ಮುಳ್ಳಯ್ಯನಗಿರಿಯ ಅಕ್ಷಾಂಶ ಸುಮಾರು 13.39 ಡಿಗ್ರಿ. ಅಂದರೆ 13 ಡಿಗ್ರಿ 23 ನಿಮಿಷ. ಬಾಯಲ್ಲಿ ‘ಹದಿಮೂರು, ಮೂವತ್ತೊಂಬತ್ತು’ ಎಂದಾಗ ಕೇಳಿದವರು ಅದನ್ನು 13 ಡಿಗ್ರಿ 39 ನಿಮಿಷ ಎಂದು ಬರೆದುಕೊಂಡರೆ ಗುರುತು ಸುಮಾರು 29 ಕಿಲೋಮೀಟರ್ ಉತ್ತರಕ್ಕೆ, ತರೀಕೆರೆ–ಲಕ್ಕವಳ್ಳಿ ಕಡೆಗೆ ಹೋಗಿ ಬೀಳುತ್ತದೆ. ರೇಖಾಂಶ 75.72 ಆದ್ದರಿಂದ ಅಲ್ಲಿ ತಪ್ಪು ಕೂಡಲೇ ಗೊತ್ತಾಗುತ್ತದೆ. 72 ನಿಮಿಷ ಎಂಬುದೇ ಇಲ್ಲ, 60ಕ್ಕೆ ಮುಗಿಯಿತು. ಅಕ್ಷಾಂಶದ 39 ಮಾತ್ರ ನಿಮಿಷವಾಗಿಯೂ ಸರಿಯಾಗಿ ಕಾಣುತ್ತದೆ. ಹಾಗಾಗಿ ‘ಹದಿಮೂರು ಪಾಯಿಂಟ್ ಮೂರು ಒಂಬತ್ತು’ ಎಂದೇ ಹೇಳಬೇಕು, ‘ಪಾಯಿಂಟ್’ ಬಿಡುವಂತಿಲ್ಲ. ದಶಮಾಂಶದ ಮುಂದೆ ನಾಲ್ಕು ಅಂಕಿ ಹೇಳಿದರೆ ಸುಮಾರು 11 ಮೀಟರ್‌ವರೆಗೆ ಜಾಗ ಸಿಗುತ್ತದೆ. ಎರಡೇ ಅಂಕಿ ಹೇಳಿದರೆ ಒಂದು ಕಿಲೋಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬರಬಹುದು.

ಸೀಟಿ

ಅತಿ ಹೆಚ್ಚು ಚರ್ಚೆಯಾದದ್ದು ಸೀಟಿಯ ಬಗ್ಗೆ. ಹೊರಗಿನವರಿಗೆ ಸಣ್ಣ ವಿಷಯ ಅನ್ನಿಸಬಹುದು, ಆದರೆ ಇಲ್ಲಿ ಗೊಂದಲವಾದರೆ ಜೀವಕ್ಕೇ ಬರುತ್ತದೆ. ಆಲ್ಪ್ಸ್ ಪರ್ವತದ ಪದ್ಧತಿಯಲ್ಲಿ ಸಂಕಷ್ಟದಲ್ಲಿರುವವರು ನಿಮಿಷಕ್ಕೆ ಆರು ಸಲ ಊದುತ್ತಾರೆ, ಉತ್ತರ ಕೊಡುವವರು ಮೂರು ಸಲ. ಬೇರೆ ಕೆಲವು ಕಡೆ ಮೂರು ಸಲ ಎಂದರೇ ‘ಕಾಪಾಡಿ’. ಇನ್ಸರಾಗ್ ಪದ್ಧತಿಯಲ್ಲಿ ಮೂರು ಚಿಕ್ಕ ಊದು, ಮತ್ತೆ ಮತ್ತೆ, ಎಂದರೆ ‘ಜಾಗ ಬಿಟ್ಟು ಓಡಿ’. ಒಂದು ಉದ್ದ ಊದು ‘ಕೆಲಸ ನಿಲ್ಲಿಸಿ, ಸದ್ದು ಬೇಡ’. ಒಂದು ಉದ್ದ ಒಂದು ಚಿಕ್ಕದು ‘ಮತ್ತೆ ಶುರು ಮಾಡಿ’. ಈಗ ಧರೆ ಕುಸಿದ ಜಾಗದ ಪಕ್ಕದ ಕಾಡಿನಲ್ಲಿ ಇನ್ನೊಂದು ತಂಡ ಕಾಣೆಯಾದವರನ್ನು ಹುಡುಕುತ್ತಿದೆ ಎನ್ನಿ. ಅವರು ಉತ್ತರವೆಂದು ಮೂರು ಸಲ ಊದಿದರೆ ಮಣ್ಣಿನ ಮೇಲಿರುವವರಿಗೆ ಓಡಲು ಹೇಳಿದಂತಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮೂರು ಊದಿನ ಸದ್ದು ಕಿವಿಗೆ ರೂಢಿಯಾಗಿ, ನಿಜಕ್ಕೂ ಗುಡ್ಡ ಜಾರುವಾಗ ಯಾರೂ ಓಡದೇ ಇರುವುದು.

ತೀರ್ಮಾನ ಹೀಗಾಯಿತು. ಮೂರು ಚಿಕ್ಕ ಊದು ‘ಓಡಿ’ ಎಂಬುದಕ್ಕೇ ಮೀಸಲು, ಯಾವ ಕಾರಣಕ್ಕೂ ಬೇರೆಲ್ಲೂ ಬಳಸುವಂತಿಲ್ಲ. ಹುಡುಕುವ ತಂಡ ಒಂದೇ ಉದ್ದ ಊದು ಊದಿ, ಒಂದು ನಿಮಿಷ ನಿಶ್ಶಬ್ದವಾಗಿ ನಿಂತು ಕೇಳುತ್ತದೆ. ಇನ್ಸರಾಗ್‌ನ ‘ಸದ್ದು ಬೇಡ’ ಎಂಬ ಅರ್ಥಕ್ಕೂ ಇದು ಹೊಂದುತ್ತದೆ. ಸಿಕ್ಕವರಿಗೆ ಉತ್ತರವೂ ಅದೇ ಒಂದು ಉದ್ದ ಊದು. ಕಾಣೆಯಾದವರು ಎಷ್ಟು ಸಲ ಊದಿದರೂ, ಕೂಗಿದರೂ, ತಟ್ಟೆ ಬಡಿದರೂ ಅದನ್ನು ಸಂಕಷ್ಟದ ಕರೆ ಎಂದೇ ತಿಳಿಯಬೇಕು. ಅವರಿಗೆ ನಮ್ಮ ನಿಯಮ ಗೊತ್ತಿರುವುದಿಲ್ಲ.

ಆ ಒಂದು ನಿಮಿಷದ ಮೌನವೇ ಪರೀಕ್ಷೆಯಲ್ಲಿ ಹೆಚ್ಚು ಜನ ಎಡವುವ ಜಾಗ. ಕೂಗುವುದು ಎಲ್ಲರಿಗೂ ಬರುತ್ತದೆ, ಕೇಳಲು ನಿಲ್ಲುವುದು ಬರುವುದಿಲ್ಲ. ಒಬ್ಬರು ರೇನ್‌ಕೋಟ್ ಸರಸರ ಅನ್ನಿಸುತ್ತಾರೆ, ಇನ್ನೊಬ್ಬರು ಪಿಸುಗುಟ್ಟುತ್ತಾರೆ, ರಸ್ತೆಯಲ್ಲಿ ಜೀಪಿನ ಎಂಜಿನ್ ಓಡುತ್ತಲೇ ಇರುತ್ತದೆ. ಅದಕ್ಕೆ ಒಂದನೆಯ ಮಟ್ಟದವರ ಪಟ್ಟಿಗೂ ಒಂದು ಸಾಲು ಸೇರಿತು: ಉದ್ದ ಊದು ಕೇಳಿದ ಕೂಡಲೇ ಎಲ್ಲ ವಾಹನಗಳ ಎಂಜಿನ್ ಆಫ್ ಮಾಡಿಸಬೇಕು. ಒಳಗೆ ಉರುಳುವ ಸಣ್ಣ ಗುಂಡು ಇರುವ ಸೀಟಿ ಬೇಡ, ನೆನೆದರೆ ಕಟ್ಟಿಕೊಳ್ಳುತ್ತದೆ.

ಸಾಲಿನ ಹುಡುಕಾಟ

ಎರಡನೆಯ ಮಟ್ಟದ ಹೃದಯ ಇದು. ಕಾಫಿ ತೋಟದಲ್ಲಿ ಗಿಡದ ಸಾಲೇ ನಮಗೆ ಗೆರೆ ಹಾಕಿಕೊಟ್ಟಿರುತ್ತದೆ. ಒಬ್ಬರಿಗೆ ಒಂದು ಸಾಲು ಎಂದರೆ ಅಂತರ ತಾನಾಗಿ ಸರಿಯಾಗುತ್ತದೆ. ಆದರೆ ಹಳೆಯ ರೊಬಸ್ಟಾ ಗಿಡದ ಕೊಂಬೆ ನೆಲಕ್ಕೆ ಬಾಗಿದ್ದರೆ ಬುಡದಲ್ಲಿ ಮಲಗಿದ ಮಗು ಪಕ್ಕದ ಸಾಲಿನಿಂದಲೂ ಕಾಣುವುದಿಲ್ಲ. ಅಂತರ ಎಷ್ಟಿರಬೇಕೆಂದು ಅಂದಾಜಿಗೆ ಬಿಡದೆ ಅಲ್ಲೇ ಅಳೆಯುವುದು ಸರಿ: ಕಾಣೆಯಾದವರ ಬಟ್ಟೆಯ ಬಣ್ಣದ ಒಂದು ಗಂಟನ್ನು ನೆಲದ ಮೇಲಿಟ್ಟು, ಎಂಟು ದಿಕ್ಕಿನಿಂದಲೂ ಹಿಂದಕ್ಕೆ ನಡೆಯುತ್ತಾ ಅದು ಯಾವ ದೂರದಲ್ಲಿ ಮರೆಯಾಗುತ್ತದೆ ಎಂದು ನೋಡಿ, ಎಂಟರ ಸರಾಸರಿ ತೆಗೆಯುವುದು. ಹತ್ತು ನಿಮಿಷದ ಕೆಲಸ. ಮಂಜು ಇಳಿದರೆ, ಕತ್ತಲಾದರೆ ಮತ್ತೆ ಅಳೆಯಬೇಕು.

ಪರೀಕ್ಷೆಗೆ ಒಂದು ತುಂಡು ತೋಟದಲ್ಲಿ ಹತ್ತು ವಸ್ತು ಅಡಗಿಸುತ್ತೇವೆ: ಚಪ್ಪಲಿ, ನೀರಿನ ಬಾಟಲಿ, ಟೋಪಿ, ಬಿಸ್ಕತ್ ಪೊಟ್ಟಣ, ಮಲಗಿಸಿದ ಗೊಂಬೆ. ತಂಡ ಆರು ಹುಡುಕಿದರೆ ಅವರ ಪತ್ತೆ ಪ್ರಮಾಣ ಶೇ. 60. ಅದೇ ಜಾಗವನ್ನು ಅಷ್ಟೇ ಚುರುಕಾದ ಇನ್ನೊಂದು ತಂಡ ನೋಡಿದರೆ ಉಳಿದ ನಾಲ್ಕರಲ್ಲಿ ಶೇ. 60 ಸಿಗುತ್ತದೆ, ಒಟ್ಟು ಶೇ. 84. ‘ಆ ಜಾಗ ನೋಡಿ ಆಯಿತು’ ಎಂಬ ಮಾತನ್ನು ದಾಖಲೆಯಲ್ಲಿ ಬಳಸಬಾರದು ಎಂಬ ನಿಯಮ ಹುಟ್ಟಿದ್ದು ಇದರಿಂದಲೇ. ‘ನೋಡಿದೆವು, ಸುಮಾರು ಶೇ. 60’ ಎಂದು ಬರೆದರೆ ಮುಂದಿನವರು ಅಲ್ಲಿಗೆ ಮತ್ತೆ ಹೋಗಬೇಕೋ ಬೇಡವೋ ಎಂದು ಯೋಚಿಸಲು ದಾರಿಯಿದೆ. ನೆಲವಷ್ಟೇ ನೋಡುತ್ತಾ ಹೋಗುವವರು ಬೇಲಿಯಲ್ಲಿ ಸಿಕ್ಕ ಟೋಪಿಯನ್ನು ಬಿಡುತ್ತಾರೆ. ಹಿಂದಿರುಗಿ ನೋಡದವರು ಗಿಡದ ಆ ಬದಿಯಲ್ಲಿರುವ ಗೊಂಬೆಯನ್ನು ಬಿಡುತ್ತಾರೆ. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುವುದನ್ನು ಪರೀಕ್ಷಕರು ಪ್ರತ್ಯೇಕವಾಗಿ ಗಮನಿಸಬೇಕು.

ಕಾಣೆಯಾದವರು ಕೊನೆಯ ಸಲ ಕಂಡ ಜಾಗವನ್ನು ತುಳಿಯದೆ ಬಿಡುವುದೂ ಒಂದು ಪರೀಕ್ಷೆ. ಜನ ಮೊದಲು ನುಗ್ಗುವುದೇ ಅಲ್ಲಿಗೆ, ಹೆಜ್ಜೆ ಗುರುತು ಅಳಿಸಿಹೋಗುವುದೂ ಅಲ್ಲೇ. ಮನೆಯವರನ್ನು ಕೇಳುವ ರೀತಿಯನ್ನೂ ಆಡಿಸಿ ನೋಡುತ್ತೇವೆ: ‘ಅಮ್ಮಾ, ಹೊರಡುವಾಗ ಯಾವ ಬಣ್ಣದ ಬಟ್ಟೆ ಇತ್ತು? ಚಪ್ಪಲಿ ಹಾಕಿದ್ರಾ? ಮಾತ್ರೆ ಏನಾದ್ರೂ ತಗೋತಿದ್ರಾ? ಮೊದಲು ಯಾವ ಮನೇಲಿ ಇದ್ರು?’ ಕೊನೆಯ ಪ್ರಶ್ನೆ ಮರೆವಿನ ಕಾಯಿಲೆಯವರಿಗಾಗಿ. ಹಳೆಯ ಮನೆ, ಹಳೆಯ ಗದ್ದೆಯ ಕಡೆಗೆ ನಡೆಯುವುದುಂಟು, ಕರೆದರೂ ಓಗೊಡದೆ ಇರುವುದುಂಟು. ಚಿಕ್ಕ ಮಕ್ಕಳು ಅಪರಿಚಿತರ ಕೂಗಿಗೆ ಹೆದರಿ ಇನ್ನೂ ಒಳಗೆ ಅಡಗುತ್ತಾರೆ. ಆದ್ದರಿಂದ ‘ಕೂಗಿದೆವು, ಉತ್ತರ ಬರಲಿಲ್ಲ’ ಎಂದು ಆ ಜಾಗವನ್ನು ಕೈಬಿಡುವಂತಿಲ್ಲ.

ರಸ್ತೆ ಕಾವಲನ್ನು ಕಡಿಮೆ ಕೆಲಸ ಎಂದು ತಿಳಿದು ಬೇಸರಪಡುವವರಿಗೆ ತೋರಿಸಲು ಒಂದು ಲೆಕ್ಕ ಇಟ್ಟುಕೊಂಡಿದ್ದೇವೆ. ಗಂಟೆಗೆ ಮೂರು ಕಿಲೋಮೀಟರ್ ನಡೆಯುವವರು ಒಂದು ಗಂಟೆಯಲ್ಲಿ ಸುಮಾರು 28 ಚದರ ಕಿಲೋಮೀಟರ್ ವೃತ್ತದೊಳಗೆ ಎಲ್ಲಾದರೂ ಇರಬಹುದು, ಎರಡು ಗಂಟೆಗೆ ಅದು 113 ಆಗುತ್ತದೆ. ಕವಲು ದಾರಿಗಳಲ್ಲಿ ನಾಲ್ಕು ಜನರನ್ನು ಬೇಗ ನಿಲ್ಲಿಸಿದರೆ ಆ ವೃತ್ತ ಹಿಗ್ಗುವುದಕ್ಕೆ ತಡೆ ಬೀಳುತ್ತದೆ.

ಹಗ್ಗ, ನೀರು, ಮಣ್ಣು: ಎಲ್ಲಿ ನಿಲ್ಲಬೇಕು

ಕನಿಷ್ಠ ಮಟ್ಟದ ಅರ್ಧ ಭಾಗ ‘ಮಾಡಬಾರದು’ ಎಂಬುದೇ. ತೋಟದ ಮನೆಯಲ್ಲಿ ಸಿಗುವ ಬಣ್ಣದ ಪ್ಲಾಸ್ಟಿಕ್ ಹಗ್ಗದಲ್ಲಿ ಮನುಷ್ಯರನ್ನು ಇಳಿಸುವಂತಿಲ್ಲ. ಅದರ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಭಾರ ಹೊತ್ತು ಒಂದರ ಮೇಲೊಂದು ಉಜ್ಜಿದ ಕಡೆ ತುಂಡಾಗಬಹುದು, ನುಣುಪಾದ್ದರಿಂದ ಗಂಟೂ ಜಾರುತ್ತದೆ. ಜನರನ್ನು ಹೊರಲು 11 ಮಿಲಿಮೀಟರ್‌ನ, ಹೆಚ್ಚು ಹಿಗ್ಗದ ಹಗ್ಗ ಬೇಕು. ಇಂಥ ಹಗ್ಗಕ್ಕೆ ಯುರೋಪಿನ ಮಾನದಂಡವಾದ ಇಎನ್ 1891ರ ಎ ವರ್ಗಕ್ಕೆ ಕನಿಷ್ಠ 22 ಕಿಲೋನ್ಯೂಟನ್ (ಸುಮಾರು 2,200 ಕಿಲೋ ಭಾರದಷ್ಟು) ತಾಳಿಕೆ ನಿಗದಿಯಾಗಿದೆ. ಎರಡನೆಯ ಮಟ್ಟದವರು 8ರ ಆಕಾರದ ಗಂಟನ್ನು ಕೈಗವಸು ಹಾಕಿ, ಹೆಡ್‌ಲ್ಯಾಂಪ್ ಆರಿಸಿ, ಒಂದು ನಿಮಿಷದಲ್ಲಿ ಹಾಕಬೇಕು. ಗಂಟಿನಾಚೆಯ ತುದಿ ಹಗ್ಗದ ದಪ್ಪದ ಹತ್ತು ಪಟ್ಟಾದರೂ ಉಳಿಯಬೇಕು, ಅಂದರೆ ಸುಮಾರು ಅರ್ಧ ಗೇಣು. ಆಧಾರ ಕಟ್ಟುವುದು ಅವರ ಪಟ್ಟಿಯಲ್ಲಿಲ್ಲ. ಎರಡು ಮರಕ್ಕೆ ಕಟ್ಟಿದ ಹಗ್ಗಗಳ ನಡುವಿನ ಕೋನ 120 ಡಿಗ್ರಿ ಆದರೆ ಒಂದೊಂದು ಮರವೂ ಪೂರ್ತಿ ಭಾರವನ್ನೇ ಹೊರುತ್ತದೆ, ಹಂಚಿಕೆಯೇ ಆಗುವುದಿಲ್ಲ. ಇಂಥವು ಒಂದು ದಿನದಲ್ಲಿ ಕೈಗೆ ಬರುವ ವಿದ್ಯೆಯಲ್ಲ. ಅಗ್ನಿಶಾಮಕ ದಳದವರಿಗೆ ಮತ್ತು ಹಗ್ಗದ ಕೆಲಸದಲ್ಲಿ ಪಳಗಿದವರಿಗೆ ಬಿಟ್ಟದ್ದು.

ಅದೇ ಪ್ಲಾಸ್ಟಿಕ್ ಹಗ್ಗ ನೀರಿನಲ್ಲಿ ತೇಲುವುದರಿಂದ, ನೀರಿನಲ್ಲಿ ಸಿಕ್ಕವರತ್ತ ಎಸೆಯುವ ಹಗ್ಗದ ಚೀಲಕ್ಕೆ ಸರಿ. 15 ಮೀಟರ್ ದೂರದ ಗುರುತಿಗೆ ಮೂರು ಎಸೆತದಲ್ಲಿ ಎರಡು, ಎರಡು ಮೀಟರ್ ಒಳಗೆ ಬೀಳಬೇಕು. ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಂಡವರು ಅಲ್ಲಿಗೇ ಅನುತ್ತೀರ್ಣ. ಎರಡನೆಯ ಮಟ್ಟದವರು ಹರಿಯುವ ನೀರಿಗೆ ಇಳಿಯುವಂತಿಲ್ಲ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲಿಗೆ ಕೊಡುವ ತಳ್ಳು ನಾಲ್ಕು ಪಟ್ಟು. ಮಳೆಗಾಲದ ಹೇಮಾವತಿ, ಭದ್ರಾದಲ್ಲಿ ಈಜು ಬರುತ್ತದೆ ಎಂಬ ಧೈರ್ಯದಿಂದ ಹಾರಿದವರು ಕಲ್ಲಿನ ಸಂದಿಗೆ ಕಾಲು ಸಿಕ್ಕಿ, ನೀರು ತಳ್ಳಿ ಬೀಳಿಸಿದಾಗ ಸೊಂಟದಷ್ಟು ನೀರಿನಲ್ಲೂ ಸಾಯಬಹುದು.

ಧರೆ ಕುಸಿದಲ್ಲಿ ಮೇಲೆ ಕಣ್ಣಿಟ್ಟು ನಿಲ್ಲುವವರೊಬ್ಬರಿಲ್ಲದೆ ಯಾರೂ ಮಣ್ಣಿನ ಮೇಲೆ ಕಾಲಿಡಬಾರದು. ಆ ಕಾವಲಿನವರು ಬಾಯಲ್ಲಿ ಹೇಳಬೇಕಾದ ಲಕ್ಷಣಗಳು: ಹಳ್ಳದ ನೀರು ಒಮ್ಮೆಲೇ ಕೆಂಪಾಗುವುದು, ಮಳೆ ಸುರಿಯುತ್ತಿದ್ದರೂ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು, ಮರ ವಾಲುವುದು, ಹೊಸ ಬಿರುಕು, ಕಲ್ಲಿಗೆ ಕಲ್ಲು ತಾಗುವ ಸದ್ದು. ಎರಡನೆಯದನ್ನು ಬಹಳಷ್ಟು ಜನ ಒಳ್ಳೆಯ ಸೂಚನೆ ಎಂದು ತಿಳಿಯುತ್ತಾರೆ. ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಳ್ಳುತ್ತಿದೆ ಎಂದು ಅದರರ್ಥ ಇರಬಹುದು.

ಆನೆ ಓಡಾಡುವ ಕಡೆ ಅರಣ್ಯ ಇಲಾಖೆಯವರ ಒಪ್ಪಿಗೆ, ಜತೆಗೆ ಅವರದೊಬ್ಬ ವಾಚರ್ ಇಲ್ಲದೆ ರಾತ್ರಿ ಹುಡುಕಾಟ ಇಲ್ಲ. ಇದಕ್ಕೆ ವಿನಾಯಿತಿಯೇ ಬರೆದಿಲ್ಲ. ಶವ ಸಿಕ್ಕರೆ ಮುಟ್ಟದೆ, ಜಾಗ ಗುರುತಿಸಿ, ಪೊಲೀಸರಿಗೆ ತಿಳಿಸಿ ಕಾಯಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ಮಹಜರು ಅವರ ಕೆಲಸ.

ಪ್ರಥಮ ಚಿಕಿತ್ಸೆ ಎಲ್ಲ ಕಡೆ ಕಲಿಸುವಂಥದ್ದೇ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್, ಎರಡು ನಿಮಿಷಕ್ಕೊಮ್ಮೆ ಕೈ ಬದಲು. ಹಾವು ಕಚ್ಚಿದಲ್ಲಿ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ನಾವು ಸೇರಿಸಿದ್ದು ಚಳಿ ಮತ್ತು ಮಂಗನ ಕಾಯಿಲೆ. ಜುಲೈ ಮಳೆಯಲ್ಲಿ ರಾತ್ರಿಯಿಡೀ ನೆನೆದವರ ಮಾತು ತೊದಲುತ್ತಿದ್ದರೆ, ನಡುಕ ನಿಂತುಹೋಗಿದ್ದರೆ ಅದು ಸುಧಾರಿಸಿದ ಲಕ್ಷಣವಲ್ಲ, ದೇಹದ ಬಿಸಿ ಅಪಾಯದ ಮಟ್ಟಕ್ಕೆ ಇಳಿದಿದೆ. ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ, ಅಲುಗಾಡಿಸದೆ ಹೊರಬೇಕು. ಬೇಸಿಗೆಯಲ್ಲಿ ಕಾಡಿಗಿಳಿದ ತಂಡಕ್ಕೆ ಮಂಗನ ಕಾಯಿಲೆ ಹರಡುವ ಉಣ್ಣೆ ಹುಳುವನ್ನು ತಡೆಯುವ ಡೆಪಾ ಎಣ್ಣೆ, ಬಂದ ಮೇಲೆ ಮೈ ಪರೀಕ್ಷೆ. 3ರಿಂದ 8 ದಿನದೊಳಗೆ ಜ್ವರ ಬಂದರೆ ವೈದ್ಯರಿಗೆ ಕಾಡಿಗೆ ಹೋದ ವಿಷಯ ಹೇಳಲೇಬೇಕು.

ಹೊರುವುದನ್ನು ಜನ ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ. ಸ್ಟ್ರೆಚರಿಗೆ ಆರು ಜನ, ಗುಡ್ಡದ ಕಾಲುದಾರಿಯಲ್ಲಿ ಕಿಲೋಮೀಟರಿಗೆ ಮೂರು ಸರದಿ, ಒಟ್ಟು 18. ಎರಡು ಗಟ್ಟಿ ಬಿದಿರು, ಮೂಲೆ ಕತ್ತರಿಸಿದ ಮೂರು ಕಾಫಿ ಗೋಣಿಚೀಲಗಳಿಂದ ಸ್ಟ್ರೆಚರ್ ಆಗುತ್ತದೆ; ಮೊದಲು ಆರೋಗ್ಯವಂತರೊಬ್ಬರನ್ನು ಮೊಣಕಾಲೆತ್ತರಕ್ಕೆ ಎತ್ತಿ ನೋಡಿ, ಆಮೇಲೆಯೇ ಗಾಯಾಳು. ಪರೀಕ್ಷೆಗೆ 60 ಕಿಲೋ ಮರಳು ತುಂಬಿದ ಗೊಂಬೆಯನ್ನು 200 ಮೀಟರ್ ಇಳಿಜಾರಿನಲ್ಲಿ ಹೊರಬೇಕು.

ಪರೀಕ್ಷಕರಿಗೂ ಪರೀಕ್ಷೆ

ಬರೆದ ಮಟ್ಟ ಸರಿಯಿದೆಯೇ ಎಂದು ತಿಳಿಯಲು ಒಂದೇ ಅಭ್ಯರ್ಥಿಯನ್ನು ಇಬ್ಬರು ಪರೀಕ್ಷಕರು ಬೇರೆ ಬೇರೆ ಗುರುತು ಹಾಕುವಂತೆ ಮಾಡಿದೆವು. ಇಬ್ಬರ ಗುರುತು ಎಲ್ಲಿ ಬೇರೆಯಾಯಿತೋ ಆ ಸಾಲನ್ನು ತಿದ್ದಿದೆವು. ‘ರೋಗಿಯನ್ನು ಜಾಗ್ರತೆಯಿಂದ ಹೊರಳಿಸಬೇಕು’ ಎಂಬುದು ಹೀಗೆ ಬಿದ್ದುಹೋಗಿ, ‘ತಲೆ ಹಿಡಿದವರ ಎಣಿಕೆಗೆ ಎಲ್ಲರೂ ಒಟ್ಟಿಗೆ ಹೊರಳಿಸಬೇಕು, ಮೂಗು ಮತ್ತು ಹೊಕ್ಕುಳು ಒಂದೇ ಗೆರೆಯಲ್ಲಿರಬೇಕು’ ಎಂದಾಯಿತು. ಕಲಿಸಿದವರು ತಮ್ಮ ಶಿಷ್ಯರನ್ನು ಪರೀಕ್ಷಿಸುವಂತಿಲ್ಲ. ಅಂಕ ಇಲ್ಲ: ‘ಆಯಿತು’ ಅಥವಾ ‘ಇನ್ನೂ ಆಗಿಲ್ಲ’.

ಬರಹದ ಪರೀಕ್ಷೆಯನ್ನು ಪೂರ್ತಿ ಕೈಬಿಟ್ಟದ್ದು ನಮ್ಮ ಅತಿ ಮುಖ್ಯ ತೀರ್ಮಾನ ಎನ್ನಬೇಕು. ತೋಟದ ಕೆಲಸದವರು, ತೋಟದ ಲೆಕ್ಕ ನೋಡುವ ರೈಟರುಗಳು, ವಾಚರುಗಳು ಆ ಗುಡ್ಡಗಳ ಒಳದಾರಿ ಬಲ್ಲವರು. ಹಲವರಿಗೆ ಓದು ಬರಹ ಕಷ್ಟ. ಅವರನ್ನು ಕಾಗದ ಪೆನ್ನಿನಿಂದ ಹೊರಗಿಟ್ಟರೆ ಉಳಿಯುವುದು ನಕ್ಷೆ ಗೊತ್ತಿದ್ದೂ ನೆಲ ಗೊತ್ತಿಲ್ಲದ ತಂಡ. ಎಲ್ಲವೂ ಕನ್ನಡದಲ್ಲಿ, ಬಾಯಲ್ಲಿ, ಮಾಡಿ ತೋರಿಸಿ. ದಿನಗೂಲಿಯವರಿಗೆ ಸತತ 12 ದಿನ ಬಿಡುವು ಸಿಗುವುದಿಲ್ಲವಾದ್ದರಿಂದ ಪಾಠಗಳನ್ನು ಅರ್ಧ ದಿನದ ತುಂಡುಗಳಾಗಿ ಒಡೆದೆವು. ನವೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು. ಹಾಗಾಗಿ ಏಪ್ರಿಲ್, ಮೇ ತಿಂಗಳೇ ಕಲಿಕೆಯ ಕಾಲ. ಒಣ ನೆಲದಲ್ಲಿ ತೇರ್ಗಡೆಯಾದವರ ಕಾರ್ಡು ತಾತ್ಕಾಲಿಕ. ಜುಲೈ ಮಳೆಯಲ್ಲಿ ಸೀಟಿ, ಗಂಟು, ಸ್ಟ್ರೆಚರ್ ಮೂರನ್ನೂ ಮತ್ತೆ ಮಾಡಿ ತೋರಿಸಿದ ಮೇಲೆ ಖಾಯಂ. ಅದೂ ಒಂದೇ ವರ್ಷಕ್ಕೆ. ಎದೆ ಒತ್ತುವ ಕೌಶಲ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಕಳೆದುಹೋಗುತ್ತದೆ.

ಕಾರ್ಡಿನ ಮುಂಭಾಗದಲ್ಲಿ ಮಟ್ಟದ ಅಂಕಿ ದೊಡ್ಡದಾಗಿ, ಮುಗಿಯುವ ತಿಂಗಳು, ರಕ್ತದ ಗುಂಪು. ಹಿಂಭಾಗದಲ್ಲಿ ಆ ಮಟ್ಟದವರು ಮಾಡಬಾರದ ಕೆಲಸಗಳು. ಸ್ಥಳಕ್ಕೆ ಬಂದ ಕೂಡಲೇ ಅದನ್ನು ದಾಖಲೆ ಮೇಜಿನಲ್ಲಿ ಕೊಟ್ಟು, ಹೊರಡುವಾಗ ವಾಪಸ್ ಪಡೆಯಬೇಕು. ಸಂಜೆ ಮೇಜಿನ ಮೇಲೆ ಕಾರ್ಡು ಉಳಿದಿದ್ದರೆ ಆ ವ್ಯಕ್ತಿ ಇನ್ನೂ ಗುಡ್ಡದಲ್ಲಿದ್ದಾರೆ ಎಂದೇ ಲೆಕ್ಕ. ಹೇಳದೆ ಮನೆಗೆ ಹೋದವರ ಕಾರ್ಡು, ಆದೇಶ ಮೀರಿ ನೀರಿಗಿಳಿದವರ ಕಾರ್ಡು ಆ ಮಳೆಗಾಲ ಮುಗಿಯುವವರೆಗೆ ಅಮಾನತು. ಅವರು ಯಾರನ್ನಾದರೂ ಬದುಕಿಸಿ ಬಂದಿದ್ದರೂ ಅಷ್ಟೇ. ಈ ಕೊನೆಯ ಮಾತಿಗೆ ಇನ್ನೂ ಆಕ್ಷೇಪ ಇದೆ. ಬರುವ ಮೇ ತಿಂಗಳ ಪರಿಷ್ಕರಣೆಯಲ್ಲಿ ಅದು ಮತ್ತೆ ಚರ್ಚೆಗೆ ಬರುತ್ತದೆ, ಅಲ್ಲಿಯವರೆಗೆ ಜಾರಿಯಲ್ಲಿರುತ್ತದೆ.